ತೋಟದಿಂದ ಬಂದ ಮೇಲೆ ಮೈ ತುರಿಕೆಯೇ? ಏನು ಕಚ್ಚಿತೆಂದು ತಿಳಿಯೋಣ



ಅಡಿಕೆ ಹೆಕ್ಕಲು, ಕಾಫಿ ಕೊಯ್ಯಲು, ಸೌದೆ ತರಲು, ಕೊಟ್ಟಿಗೆಗೆ ದರಗು ಗುಡಿಸಲು ನಾವು ದಿನಾ ತೋಟಕ್ಕೂ ಗುಡ್ಡಕ್ಕೂ ಹೋಗುವವರು. ಸಂಜೆ ಮನೆಗೆ ಬಂದಾಗ ಕಾಲಲ್ಲಿ ಒಂದು ದದ್ದು, ಸೊಂಟದಲ್ಲಿ ಒಂದು ತುರಿಕೆ ಇದ್ದೇ ಇರುತ್ತದೆ. "ಏನೋ ಹುಳ ಕಚ್ಚಿರ್ಬೇಕು ಬಿಡಿ" ಅಂತ ಎಣ್ಣೆ ಸವರಿ ಅಡಿಗೆಗೆ ನಿಲ್ಲುತ್ತೇವೆ. ಹೆಚ್ಚಿನ ಸಲ ಅಷ್ಟೇ ಸಾಕು. ಆದರೆ ಮೆಣಸೆ, ಶೃಂಗೇರಿ, ಕೊಪ್ಪ ಸುತ್ತಮುತ್ತ ಇರುವ ನಾವು ಎರಡು ಕಡಿತಗಳನ್ನು ಹಾಗೆ ಬಿಡಬಾರದು. ಅವೆರಡೂ ನೋಯುವುದಿಲ್ಲ. ಆದರೆ ಜೀವ ತೆಗೆಯಬಹುದು.

ಭಯ ಬೇಡದ ಗುರುತುಗಳು

ಇಂಬಳ: ಮಳೆಗಾಲದ ನೆಂಟ. ಕಚ್ಚಿದ್ದು ಗೊತ್ತಾಗುವುದಿಲ್ಲ, ರಕ್ತ ಮಾತ್ರ ನಿಲ್ಲದೆ ಹರಿಯುತ್ತದೆ. ರಕ್ತ ಹೆಪ್ಪುಗಟ್ಟದಂತೆ ಮಾಡುವ ಅಂಶ ಅದರ ಬಾಯಲ್ಲಿದೆ. ಸೋಪು ನೀರಲ್ಲಿ ತೊಳೆದು ಬಟ್ಟೆಯಿಂದ ಒತ್ತಿ ಹಿಡಿಯಿರಿ.

ಕಂಬಳಿಹುಳ: ಇದು ಕಚ್ಚುವುದಲ್ಲ, ಅದರ ರೋಮ ಚರ್ಮಕ್ಕೆ ಚುಚ್ಚಿಕೊಳ್ಳುತ್ತದೆ. ತಾಗಿದ ಜಾಗವೆಲ್ಲ ಉರಿ, ದದ್ದು. ಉಜ್ಜಬೇಡಿ. ಅಂಟು ಟೇಪು ಹಚ್ಚಿ ಎಳೆದರೆ ರೋಮ ಬರುತ್ತದೆ. ಆಮೇಲೆ ತೊಳೆಯಿರಿ.

ದೀಪದ ಹುಳ: ರಾತ್ರಿ ದೀಪಕ್ಕೆ ಬರುವ, ಕೆಂಪು ಕಪ್ಪು ಬಣ್ಣದ ಉದ್ದನೆಯ ಸಣ್ಣ ಹುಳ. ಮೈಮೇಲೆ ಅರೆದರೆ ಮರುದಿನ ಗೆರೆ ಎಳೆದಂತೆ ಸುಟ್ಟ ಗುಳ್ಳೆ ಏಳುತ್ತದೆ. ಹೊಡೆಯದೆ ಊದಿ ಓಡಿಸಿ.

ಜೇನು, ಕಣಜ: ಕುಟುಕಿದ ಕೂಡಲೇ ನೋವು, ಬಾವು. ಮುಖ, ನಾಲಿಗೆ ಊದಿದರೆ, ಉಸಿರು ಕಟ್ಟಿದರೆ ಒಂದು ನಿಮಿಷವೂ ಕಾಯದೆ ಆಸ್ಪತ್ರೆಗೆ ಹೋಗಿ.

ಮೊದಲನೆಯ ಅಪಾಯ: ಉಣುಗು

1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬಿದ್ದವು, ಸುತ್ತಲಿನ ಜನರಿಗೂ ಜ್ವರ ಬಂತು. ಅದೇ ಮಂಗನ ಕಾಯಿಲೆ. 2024ರಲ್ಲಿ ಅದು ನಮ್ಮ ಶೃಂಗೇರಿ, ಕೊಪ್ಪ ಕಡೆಯೂ ಕಾಣಿಸಿತು. ಹೆಸರು ಮಂಗನದಾದರೂ ನಮಗೆ ರೋಗ ದಾಟಿಸುವುದು ಉಣುಗು. ಅದರಲ್ಲೂ ಸಾಸಿವೆಗಿಂತ ಚಿಕ್ಕದಾದ ಮರಿ ಉಣುಗು. ಇದು ಡಿಸೆಂಬರಿನಿಂದ ಮೇ ತನಕ ದರಗಿನಲ್ಲಿ ಹೆಚ್ಚು. ನಾವು ದರಗು ಗುಡಿಸುವುದೂ ಆಗಲೇ ಅಲ್ಲವೇ?

ಕಚ್ಚಿದ 3ರಿಂದ 8 ದಿನಗಳಲ್ಲಿ ಇದ್ದಕ್ಕಿದ್ದಂತೆ ಜೋರು ಜ್ವರ, ಹಣೆ ಸಿಡಿಯುವಂಥ ತಲೆನೋವು, ಸೊಂಟ ಕೈಕಾಲು ಸೆಳೆತ, ವಾಂತಿ ಬರುತ್ತದೆ. ಕೆಲವರಿಗೆ ಮೂಗು, ವಸಡಿನಲ್ಲಿ ರಕ್ತ. ಜ್ವರ ಬಿಟ್ಟು ಒಂದೆರಡು ವಾರಕ್ಕೆ ಮತ್ತೆ ಬರುವುದೂ ಉಂಟು. ಇದನ್ನೇ ಗುಣಪಡಿಸುವ ಔಷಧಿ ಇಲ್ಲ. ಆದರೆ ಬೇಗ ಆಸ್ಪತ್ರೆ ಸೇರಿದರೆ ಹೆಚ್ಚಿನವರು ಉಳಿಯುತ್ತಾರೆ. ಹಳೆಯ ಲಸಿಕೆ ಸಾಕಷ್ಟು ರಕ್ಷಣೆ ಕೊಡುತ್ತಿಲ್ಲವೆಂದು 2022ರಲ್ಲಿ ನಿಲ್ಲಿಸಲಾಯಿತು. ಹಾಗಾಗಿ "ನಾನು ಹಿಂದೆ ಚುಚ್ಚಿಸ್ಕೊಂಡಿದ್ದೀನಿ" ಅಂತ ನಂಬಿ ಕೂರಬೇಡಿ. ಈ ಕಾಯಿಲೆ ರೋಗಿಯಿಂದ ಮತ್ತೊಬ್ಬರಿಗೆ ಅಂಟುವುದಿಲ್ಲ. ಆ ಮನೆಯವರನ್ನು ದೂರ ಮಾಡಬೇಡಿ.

ಎರಡನೆಯ ಅಪಾಯ: ಕೆಂಪು ನುಸಿ

ಕಣ್ಣಿಗೆ ಕಾಣುವುದೇ ಕಷ್ಟವಾದ ನುಸಿಮರಿ ಪೊದೆ, ಹುಲ್ಲಿನಲ್ಲಿರುತ್ತದೆ. ಇದು ಕಚ್ಚಿದಲ್ಲಿ ಬೀಡಿಯಿಂದ ಸುಟ್ಟಂತೆ ಕಪ್ಪು ಹಕ್ಕಳೆ, ಸುತ್ತ ಕೆಂಪು. ನೋವಿಲ್ಲ, ತುರಿಕೆ ಇಲ್ಲ. ಸುಮಾರು ಹತ್ತು ದಿನಕ್ಕೆ ಜ್ವರ. ಇದಕ್ಕೆ ಸ್ಕ್ರಬ್ ಟೈಫಸ್ ಎನ್ನುತ್ತಾರೆ. ಡಾಕ್ಟರು ಬೇಗ ಗುರುತಿಸಿದರೆ ಕಡಿಮೆ ಬೆಲೆಯ ಡಾಕ್ಸಿಸೈಕ್ಲಿನ್ ಮಾತ್ರೆಯಲ್ಲೇ ವಾಸಿ. ತಡವಾದರೆ ಶ್ವಾಸಕೋಶ, ಮೂತ್ರಪಿಂಡ, ಮೆದುಳಿಗೆ ಪೆಟ್ಟು.

ಆ ಹಕ್ಕಳೆ ಕಂಕುಳು, ಎದೆಯ ಕೆಳಗೆ, ತೊಡೆಸಂದು, ಸೊಂಟದ ಲಂಗದ ದಾರದ ಜಾಗ, ಇಂಥಲ್ಲೇ ಹೆಚ್ಚು. ನಾವು ನಾಚಿಕೆಯಿಂದ ಡಾಕ್ಟರಿಗೆ ತೋರಿಸದ ಜಾಗಗಳು! ಲೇಡಿ ಡಾಕ್ಟರ್ ಅಥವಾ ನರ್ಸಮ್ಮನಿಗಾದರೂ ತೋರಿಸಿ. ಕೆಲವರಿಗೆ ಹಕ್ಕಳೆಯೇ ಕಾಣುವುದಿಲ್ಲ, ಆದ್ದರಿಂದ ಜ್ವರವನ್ನು ಕಡೆಗಣಿಸಬೇಡಿ.

ಏನು ಮಾಡಬೇಕು?

1. ಮೈತುಂಬ ಬಟ್ಟೆ ಹಾಕಿ, ಡೇಪಾ ಎಣ್ಣೆ ಹಚ್ಚಿಕೊಂಡು ಹೋಗಿ. ಎಣ್ಣೆಗೆ ಆಶಾ ಕಾರ್ಯಕರ್ತೆಯನ್ನು ಕೇಳಿ.
2. ದರಗಿನ ಮೇಲೆ ಕೂರಬೇಡಿ, ಮಲಗಬೇಡಿ.
3. ಬಂದ ತಕ್ಷಣ ಬಟ್ಟೆಯನ್ನು ಬಿಸಿನೀರಿಗೆ ಹಾಕಿ, ಸೋಪು ಹಚ್ಚಿ ಸ್ನಾನ ಮಾಡಿ, ಮೈಯೆಲ್ಲ ನೋಡಿಕೊಳ್ಳಿ.
4. ಉಣುಗು ಕಚ್ಚಿಕೊಂಡಿದ್ದರೆ ಚಿಮುಟದಿಂದ ಚರ್ಮಕ್ಕೆ ತಾಗಿಸಿ ಹಿಡಿದು ನೇರ ಎಳೆಯಿರಿ. ಸೀಮೆಎಣ್ಣೆ, ಸುಣ್ಣ, ಬೆಂಕಿ ಬೇಡ. ಉಗುರಲ್ಲಿ ಕುಟ್ಟಬೇಡಿ. ಆ ಜಾಗ, ಕೈ ಎರಡನ್ನೂ ಸೋಪಿನಲ್ಲಿ ತೊಳೆಯಿರಿ.
5. ಸತ್ತ ಮಂಗ ಕಂಡರೆ ಮುಟ್ಟದೆ, ಆ ಕಡೆ ದನ ಬಿಡದೆ, ಆರೋಗ್ಯ ಇಲಾಖೆ ಅಥವಾ ಪಂಚಾಯಿತಿಗೆ ತಿಳಿಸಿ.
6. ಕಡಿತದ ನಂತರ ಮೂರು ವಾರದೊಳಗೆ ಜ್ವರ ಬಂದರೆ ಅಂಗಡಿ ಮಾತ್ರೆ ನುಂಗಿ ಕಾಯಬೇಡಿ. ಕೆಲವು ನೋವಿನ ಮಾತ್ರೆ ರಕ್ತಸ್ರಾವ ಹೆಚ್ಚಿಸುತ್ತವೆ. ಆಸ್ಪತ್ರೆಯಲ್ಲಿ ಮೊದಲ ಮಾತೇ ಇದಾಗಿರಲಿ: "ನಾನು ತೋಟಕ್ಕೆ, ಕಾಡಿಗೆ ಹೋಗಿದ್ದೆ." ಈ ಮಾತಿನಿಂದ ಯಾವ ರಕ್ತಪರೀಕ್ಷೆ ಬೇಕೆಂದು ಡಾಕ್ಟರಿಗೆ ಹೊಳೆಯುತ್ತದೆ.

ಸಂಘದ ಸಭೆಯಲ್ಲಿ

ಗಂಡನಿಗೆ, ಮಕ್ಕಳಿಗೆ ಜ್ವರ ಬಂದರೆ ಓಡುವ ನಾವು, ನಮಗೆ ಬಂದರೆ "ಕೂಲಿ ತಪ್ಪುತ್ತೆ, ನಾಳೆ ನೋಡೋಣ" ಅನ್ನುತ್ತೇವೆ. ಆ ನಾಳೆಯೇ ಅಪಾಯದ್ದು. ಮುಂದಿನ ಸಭೆಯಲ್ಲಿ ಇದನ್ನು ಓದಿ ಎರಡು ತೀರ್ಮಾನ ಬರೆದುಕೊಳ್ಳಿ. ಜ್ವರ ಬಂದ ಸದಸ್ಯೆಯ ಜೊತೆ ಆಸ್ಪತ್ರೆಗೆ ಹೋಗುವವರು ಯಾರು? ಅವಳಿಗೆ ಸಂಘದ ಉಳಿತಾಯದಿಂದ ಅದೇ ದಿನ ತುರ್ತು ಸಾಲ ಕೊಡುವುದು ಹೇಗೆ? ದೇವರು ಕೊಟ್ಟ ಜೀವವನ್ನು ಕಾಪಾಡಿಕೊಳ್ಳುವುದೂ ಒಂದು ಪ್ರಾರ್ಥನೆಯೇ.