ಒಂದೇ ಅಚ್ಚಿನ ಗುಂಡುಗಳಲ್ಲಿ ಹೆಚ್ಚು-ಕಡಿಮೆ ಏಕೆ?

ಹೊಸಪೇಟೆ, ಹಂಪಿ, ಕಂಪ್ಲಿಗಳ ಬಳಿ ತುಂಗಭದ್ರೆಯಲ್ಲಿ ಬೀಸುಬಲೆ ಎಸೆಯುವುದನ್ನು ಕಂಡವರು ಒಂದು ಸಂಗತಿಯನ್ನು ಗಮನಿಸಿರಬಹುದು. ಬಲೆಯು ಗಾಳಿಯಲ್ಲಿ ಚಕ್ರದಂತೆ ಬಿಚ್ಚಿಕೊಂಡು ನೀರಿನ ಮೇಲೆ ಬಿದ್ದೊಡನೆ ಅದರ ಅಂಚು ಮುಳುಗಿ, ಒಳಗಿನ ಮೀನುಗಳನ್ನು ಸುತ್ತುಗಟ್ಟುತ್ತದೆ. ಅಂಚಿಗೆ ಸಾಲಾಗಿ ಪೋಣಿಸಿದ ಗುಂಡುಗಳು ಅದನ್ನು ಹೀಗೆ ಮುಳುಗಿಸುತ್ತವೆ. ಈ ಕೆಲಸಕ್ಕೆ ಬಹುಕಾಲದಿಂದ ಸೀಸವನ್ನು ಬಳಸುತ್ತ ಬಂದಿದ್ದಾರೆ.

ಸೀಸವೇ ಏಕೆ? ಹಂಪಿಯ ಬಂಡೆಯ 100 ಗ್ರಾಂ ತೂಕದ ಚೂರೊಂದನ್ನು ನೀರಿನಲ್ಲಿ ಮುಳುಗಿಸಿದರೆ ಅದು ಸುಮಾರು 63 ಗ್ರಾಮಿನಷ್ಟು ಮಾತ್ರ ತೂಗುತ್ತದೆ. ಸಂಡೂರಿನ ಒಳ್ಳೆಯ ಕಬ್ಬಿಣದ ಅದಿರಾದರೆ ಸುಮಾರು 80 ಗ್ರಾಂ. ಸೀಸವಾದರೆ 91 ಗ್ರಾಂ. ಮುಳುಗಿದ ವಸ್ತುವು ತಾನು ಸ್ಥಾನಪಲ್ಲಟಗೊಳಿಸಿದ ನೀರಿನ ತೂಕದಷ್ಟು ತೂಕವನ್ನು ಕಳೆದುಕೊಳ್ಳುತ್ತದೆಂಬ ಆರ್ಕಿಮಿಡೀಸನ ನಿಯಮವೇ ಇದಕ್ಕೆ ಕಾರಣ. ಸೀಸದ ಸಾಂದ್ರತೆ 11.34, ಆದ್ದರಿಂದ ಅದು ಪಲ್ಲಟಗೊಳಿಸುವ ನೀರು ತೀರ ಸ್ವಲ್ಪ. ಮೇಲಾಗಿ ಅದು 327 ಡಿಗ್ರಿ ಸೆಂಟಿಗ್ರೇಡಿನಲ್ಲೇ ಕರಗುವುದರಿಂದ ಸಾಮಾನ್ಯ ಒಲೆಯೇ ಸಾಕು. ಮನೆಯಲ್ಲಿಯೇ ಎರಕ ಹೊಯ್ದುಕೊಳ್ಳುವ ರೂಢಿ ಬಂದದ್ದು ಹೀಗೆ.

ಹೀಗೆ ಹೊಯ್ದವರನ್ನು ಕಾಡುವ ಪ್ರಶ್ನೆಯೊಂದುಂಟು. ಅಚ್ಚು ಒಂದೇ, ಸೀಸವೂ ಒಂದೇ. ಆದರೂ ಗುಂಡುಗಳಲ್ಲಿ ಕೆಲವು ಹಗುರ, ಕೆಲವು ಭಾರ. ಉರಿ ಸಾಲದೆಂದು ಬಗೆದು ಸೀಸವನ್ನು ಇನ್ನಷ್ಟು ಕಾಯಿಸುವುದು ಮೊದಲು ತೋಚುವ ಉಪಾಯ. ಇದು ಹಲವೊಮ್ಮೆ ನಿಷ್ಫಲ, ಯಾವಾಗಲೂ ಅಪಾಯಕರ. ಕಾರಣವನ್ನು ತಿಳಿಯಲು ಒಲೆಗಿಂತ ತಕ್ಕಡಿಯೇ ಹೆಚ್ಚು ಉಪಯುಕ್ತವೆಂಬುದನ್ನು ಇಲ್ಲಿ ವಿಚಾರಿಸೋಣ.

ಮೊದಲು ಲೋಹದ ಸ್ವಭಾವವನ್ನು ತಿಳಿಯಬೇಕು. ನೀರು ಹೆಪ್ಪುಗಟ್ಟುವಾಗ ಹಿಗ್ಗುತ್ತದೆ, ಸೀಸವು ಕುಗ್ಗುತ್ತದೆ. ಆಗತಾನೆ ಕರಗಿದ ಸೀಸದ ಸಾಂದ್ರತೆ ಸುಮಾರು 10.66. ಅಂತಹ 100 ಘನ ಸೆಂಟಿಮೀಟರು ದ್ರವವು ಗಟ್ಟಿಯಾಗಿ ಪೂರ್ತಿ ತಣಿದಾಗ 94 ಘನ ಸೆಂಟಿಮೀಟರಿನಷ್ಟಾಗುತ್ತದೆ. ಗುಂಡಿನ ಹೊರಮೈ ಅಚ್ಚಿಗೆ ತಾಗಿ ಮೊದಲು ಗಟ್ಟಿಯಾಗುತ್ತದೆ, ಒಡಲು ಆಮೇಲೆ. ಒಡಲು ಕುಗ್ಗುವಾಗ ಮೇಲಿನಿಂದ ದ್ರವ ಇಳಿದು ಬಾರದಿದ್ದರೆ ಒಳಗೆ ಪೊಳ್ಳು ಉಳಿಯುತ್ತದೆ.

ಈಗ ಪರೀಕ್ಷೆಯ ಕ್ರಮ. ಇಪ್ಪತ್ತು ಗುಂಡುಗಳನ್ನು ಹೊಯ್ದ ಕ್ರಮದಲ್ಲೇ ಸಾಲಾಗಿಟ್ಟು, ಒಂದೊಂದರ ತೂಕವನ್ನೂ ವ್ಯಾಸವನ್ನೂ ಬರೆದಿಡಬೇಕು. ಎಲ್ಲವನ್ನೂ ಒಂದೇ ರಾಶಿಯಲ್ಲಿ ಬೆರೆಸಿದರೆ ಸಾಕ್ಷ್ಯವೇ ಅಳಿಸಿಹೋದಂತೆ. ಪಟ್ಟಿ ಸಿದ್ಧವಾದ ಮೇಲೆ ಅಂಕಿಗಳೇ ದೋಷವನ್ನು ಹೇಳುತ್ತವೆ.

ಮೊದಲ ನಾಲ್ಕಾರು ಗುಂಡುಗಳು ಮಾತ್ರ ಹಗುರವಾಗಿದ್ದು, ಮೈ ಸುಕ್ಕುಗಟ್ಟಿದ್ದರೆ ಅಚ್ಚು ತಣ್ಣಗಿತ್ತೆಂದು ಅರ್ಥ. ಸೀಸವು ಮೂಲೆಗಳನ್ನು ತುಂಬುವ ಮೊದಲೇ ಗಟ್ಟಿಯಾಗಿದೆ. ಬೇಕಾದುದು ಅಚ್ಚಿಗೆ ಬಿಸಿ, ಸೀಸಕ್ಕಲ್ಲ. ನಡುವೆ ಕೆಲಸ ನಿಲ್ಲಿಸಿದಾಗಲೆಲ್ಲ ಇದೇ ದೋಷ ಮರಳಿ ಬರುವುದರಿಂದ ಒಂದೇ ಸಮನಾದ ವೇಗದಲ್ಲಿ ಹೊಯ್ಯುವುದು ಮುಖ್ಯ.

ವ್ಯಾಸವೆಲ್ಲ ಒಂದೇ, ಆದರೆ ಅಲ್ಲೊಂದು ಇಲ್ಲೊಂದು ಗುಂಡು ಹಗುರ ಎಂದಾದರೆ ಒಳಗೆ ಪೊಳ್ಳೋ ಕಿಟ್ಟವೋ ಇದೆ. ಅಚ್ಚಿನ ಬಾಯಿಯಲ್ಲಿ ಸ್ವಲ್ಪ ಹೆಚ್ಚು ದ್ರವ ನಿಂತಿದ್ದರೆ ಅದು ಕುಗ್ಗುವ ಒಡಲಿಗೆ ಇಳಿದು ಪೊಳ್ಳನ್ನು ತುಂಬುತ್ತದೆ. ಕಿಟ್ಟವನ್ನು ಹೊಯ್ಯುವ ಮುನ್ನ ಬಾಣಲೆಯಿಂದ ತೆಗೆದಿರಬೇಕು.

ಗುಂಡು ಭಾರವಾಗಿದ್ದು, ಒಂದು ದಿಕ್ಕಿನಲ್ಲಿ ಮಾತ್ರ ದಪ್ಪವಾಗಿ, ನಡುವೆ ತೆಳುವಾದ ಅಂಚು ಎದ್ದಿದ್ದರೆ ಅಚ್ಚಿನ ಎರಡು ಹೋಳುಗಳು ಪೂರ್ತಿ ಕೂಡಿಲ್ಲ. ನಡುವೆ ಸಿಕ್ಕಿದ ಒಂದು ಸೀಸದ ಹರಳು ಇಷ್ಟಕ್ಕೆ ಸಾಕು. 12 ಮಿಲಿಮೀಟರು ವ್ಯಾಸದ ಗುಂಡಿನ ತೂಕ ಸುಮಾರು 10.3 ಗ್ರಾಂ, ಹೋಳುಗಳ ನಡುವೆ 0.1 ಮಿಲಿಮೀಟರು ಸಂದಿದ್ದರೆ ಸುಮಾರು 0.13 ಗ್ರಾಂ ಹೆಚ್ಚುತ್ತದೆ. ವ್ಯಾಸವೇ ಎಲ್ಲ ದಿಕ್ಕಿನಲ್ಲೂ ನೂರಕ್ಕೆ 1ರಷ್ಟು ಹೆಚ್ಚಿದರಂತೂ ತೂಕ ನೂರಕ್ಕೆ 3ರಷ್ಟು ಏರುತ್ತದೆ; ಗೋಲದ ಗಾತ್ರವು ವ್ಯಾಸದ ಘನವನ್ನು ಅನುಸರಿಸುವುದೇ ಇದರ ಗುಟ್ಟು.

ತೂಕಗಳು ಎರಡು ಸ್ಪಷ್ಟ ಗುಂಪುಗಳಾಗಿ ಒಡೆದರೆ, ಅಚ್ಚಿನಲ್ಲಿ ಎರಡು ಗೂಡುಗಳಿವೆಯೇ ಎಂದು ನೋಡಬೇಕು. ಗೂಡುಗಳೇ ಅಸಮವಾಗಿದ್ದರೆ ಹೊಯ್ಯುವವನದೇನೂ ತಪ್ಪಿಲ್ಲ. ಒಂದು ಬಾಣಲೆಯ ಗುಂಡುಗಳೆಲ್ಲವೂ ಹಿಂದಿನ ಬಾಣಲೆಯವಕ್ಕಿಂತ ಹಗುರವಾಗಿದ್ದರೆ ಸೀಸವೇ ಬೇರೆ. ಬ್ಯಾಟರಿಯ ಸೀಸದಲ್ಲಿ ಹಲವೊಮ್ಮೆ ಆಂಟಿಮನಿ ಬೆರೆತಿರುತ್ತದೆ. ಆ ಮಿಶ್ರಲೋಹವು ಶುದ್ಧ ಸೀಸಕ್ಕಿಂತ ಹಗುರ.

ಇಷ್ಟು ನಿಖರತೆ ಎಲ್ಲೆಡೆಯೂ ಬೇಕೇ? ಬಲೆಗೆ ಬೇಡ. ಭಾರವು ಅಂಚಿನ ಸುತ್ತ ಸಮನಾಗಿ ಹಂಚಿಹೋದರೆ ಬಲೆ ಸರಿಯಾಗಿ ಬಿಚ್ಚಿಕೊಳ್ಳುತ್ತದೆ. ಭಾರದ ಗುಂಡುಗಳನ್ನೂ ಹಗುರದವನ್ನೂ ಬೆರೆಸಿ ಪೋಣಿಸಿದರಾಯಿತು. ಕೋವಿಯ ಗುಂಡಿನ ಮಾತು ಬೇರೆ. 1520ರಲ್ಲಿ ವಿಜಯನಗರದ ಕೃಷ್ಣದೇವರಾಯನು ರಾಯಚೂರನ್ನು ಮುತ್ತಿದಾಗ ಕ್ರಿಸ್ತೊವಾವೊ ದ ಫಿಗೆರೆದೊ ಎಂಬ ಪೋರ್ಚುಗೀಸನೂ ಅವನ ಕೋವಿಕಾರರೂ ರಾಯನಿಗೆ ನೆರವಾದರೆಂದು ನೂನಿಜ್ ಬರೆದಿದ್ದಾನೆ. ಬಾಯಿಯಿಂದ ಗುಂಡು ತುಂಬುವ ಆ ಬಗೆಯ ಕೋವಿಗಳಲ್ಲಿ ಗುಂಡು ತುಸು ದೊಡ್ಡದಾದರೆ ನಳಿಕೆಯಲ್ಲಿ ಸಿಕ್ಕಿಕೊಳ್ಳುತ್ತಿತ್ತು. ಸಣ್ಣದಾದರೆ ಸ್ಫೋಟದ ಅನಿಲ ಪಕ್ಕದಿಂದ ನುಸುಳಿ ಹೊಡೆತ ಕುಂದುತ್ತಿತ್ತು. ಎಷ್ಟು ಅಂತರವನ್ನು ಸಹಿಸಬಹುದೆಂಬುದನ್ನು ಬಳಕೆಯೇ ನಿರ್ಧರಿಸುತ್ತದೆ.

ಇನ್ನು ಹೆಚ್ಚು ಕಾಯಿಸುವುದರ ಅಪಾಯ. ಉಷ್ಣತೆ ಏರಿದಷ್ಟೂ ಸೀಸವು ಗಾಳಿಯ ಆಮ್ಲಜನಕದೊಡನೆ ಬೇಗನೆ ಕೂಡಿ ಕಿಟ್ಟವಾಗುತ್ತದೆ, ಹೊಗೆಯೂ ಹೆಚ್ಚುತ್ತದೆ. ಕಿಟ್ಟದ ಪುಡಿ ಕೈಯಿಂದ ಬಾಯಿಗೆ, ಬಟ್ಟೆಯಿಂದ ಹಾಸಿಗೆಗೆ ಸೇರುತ್ತದೆ. ಸೀಸದ ವಿಷವು ಮಕ್ಕಳ ಮಿದುಳಿನ ಬೆಳವಣಿಗೆಯನ್ನು ಕೆಡಿಸುತ್ತದೆ. ಇಷ್ಟಾದರೆ ಅಡ್ಡಿಯಿಲ್ಲ ಎನ್ನಬಹುದಾದ ಅಳತೆಯೇ ತಿಳಿದಿಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆ ಸಾರಿದೆ. ಕಾದ ಸೀಸದಲ್ಲಿ ಒಂದು ಹನಿ ನೀರು ಸಿಕ್ಕಿಕೊಂಡರೂ ಅದು ಥಟ್ಟನೆ ಆವಿಯಾಗಿ ಲೋಹವನ್ನು ಮುಖಕ್ಕೆ ಸಿಡಿಸೀತು. ಹಳೆಯ ಬ್ಯಾಟರಿಯನ್ನು ಮನೆಯಲ್ಲಿ ಒಡೆದರಂತೂ ಆಮ್ಲವೂ ಸೀಸದ ಪುಡಿಯೂ ಒಟ್ಟಿಗೆ ಹೊರಬೀಳುತ್ತವೆ. ಆದ್ದರಿಂದ ಸೀಸದ ಎರಕವು ಮನೆಯ ಅಂಗಳದಲ್ಲಿ ಮಾಡತಕ್ಕ ಕೆಲಸವಲ್ಲ.

ನದಿಗೂ ಇದರಲ್ಲಿ ಪಾಲುಂಟು. ಬ್ರಿಟನ್ನಿನಲ್ಲಿ ಗಾಳಕ್ಕೆ ಕಟ್ಟುವ ಸಣ್ಣ ಸೀಸದ ಗುಂಡುಗಳನ್ನು ನುಂಗಿ ಹಂಸಗಳು ಸತ್ತುದರಿಂದ 1987ರಲ್ಲಿ ಅವುಗಳ ಮಾರಾಟವನ್ನು ನಿಷೇಧಿಸಲಾಯಿತು. ನಮ್ಮಲ್ಲಿ ಮುದ್ಲಾಪುರದಿಂದ ಕಂಪ್ಲಿಯವರೆಗಿನ ಸುಮಾರು 34 ಕಿಲೋಮೀಟರು ತುಂಗಭದ್ರೆಯನ್ನು 2015ರಲ್ಲಿ ನೀರುನಾಯಿಗಳ ಸಂರಕ್ಷಿತ ಪ್ರದೇಶವೆಂದು ಘೋಷಿಸಲಾಗಿದೆ. ಕಿತ್ತುಹೋದ ಗುಂಡು ನದಿಯ ತಳದಲ್ಲಿ ಕರಗಿ ಮಾಯವಾಗುವುದಿಲ್ಲ. ಕಬ್ಬಿಣದ ಗುಂಡು ತುಸು ದೊಡ್ಡದಾದರೂ ಇಂತಹ ವಿಷವಿಲ್ಲ.

ಎರಕದ ನಿಯಮಗಳನ್ನು ಕಣ್ಣಾರೆ ಕಾಣಬಯಸುವ ವಿದ್ಯಾರ್ಥಿಗಳಿಗೆ ಮೇಣದಬತ್ತಿಯ ಮೇಣವೇ ಸಾಕು. ಹಿರಿಯರೊಬ್ಬರ ಎದುರಿನಲ್ಲಿ, ಬಿಸಿನೀರಿನೊಳಗಿಟ್ಟ ಡಬ್ಬಿಯಲ್ಲಿ ಅದನ್ನು ಕರಗಿಸಿ ಒಂದೇ ಅಳತೆಯ ಬಟ್ಟಲುಗಳಿಗೆ ಹೊಯ್ಯಿರಿ. ತಣಿದಾಗ ನಡುವೆ ಗುಳಿ ಬೀಳುವುದು ಕಾಣುತ್ತದೆ. ಮೇಣವು ಸೀಸಕ್ಕಿಂತಲೂ ಹೆಚ್ಚು ಕುಗ್ಗುತ್ತದೆ. ಕೆಲವು ಬಟ್ಟಲುಗಳನ್ನು ಮೊದಲೇ ಬೆಚ್ಚಗಾಗಿಸಿ, ಕೆಲವನ್ನು ತಣ್ಣಗಿಟ್ಟು, ಬಿಲ್ಲೆಗಳನ್ನು ಹೊಯ್ದ ಕ್ರಮದಲ್ಲಿ ತೂಗಿ ಪಟ್ಟಿಮಾಡಿರಿ. ಯಾವ ಬಿಲ್ಲೆ ಯಾವ ಬಟ್ಟಲಿನದೆಂಬುದನ್ನು ಪಟ್ಟಿಯನ್ನು ನೋಡಿಯೇ ಗುರುತಿಸಬಹುದೇ ಎಂದು ಗೆಳೆಯರನ್ನು ಕೇಳಿ ನೋಡಿರಿ.