ಯುದ್ಧಕಾಲದ ವಿಮಾನಪತನ ಮತ್ತು ಗ್ರಾಮಸ್ಮೃತಿ: ಅಜ್ಜಮಾಡ ದೇವಯ್ಯನವರ ಪ್ರಸಂಗ

ಯುದ್ಧದ ಇತಿಹಾಸವನ್ನು ಸಾಮಾನ್ಯವಾಗಿ ಸೇನಾ ದಾಖಲೆಗಳ ಆಧಾರದಿಂದ ರಚಿಸಲಾಗುತ್ತದೆ. ಆದರೆ ಶತ್ರುನೆಲದಲ್ಲಿ ಪತನಗೊಂಡ ವಿಮಾನದ ವಿಷಯದಲ್ಲಿ ಈ ದಾಖಲೆಗಳು ‘ಮರಳಿ ಬರಲಿಲ್ಲ’ ಎಂಬಲ್ಲಿಗೇ ನಿಂತುಬಿಡುತ್ತವೆ. ಮುಂದಿನದನ್ನು ಕಾಣುವವರು ಆ ನೆಲದ ರೈತರು ಮತ್ತು ಮಕ್ಕಳು. ಕೊಡಗಿನ ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ಬೋಪಯ್ಯ ದೇವಯ್ಯನವರ ಪ್ರಸಂಗ ಇದಕ್ಕೆ ನಿದರ್ಶನವಾಗಿದೆ.

1932ರಲ್ಲಿ ಜನಿಸಿದ ದೇವಯ್ಯನವರು 1954ರಲ್ಲಿ ವಾಯುಪಡೆಯನ್ನು ಸೇರಿದರು. 1965ರ ಭಾರತ-ಪಾಕಿಸ್ತಾನ ಯುದ್ಧದ ವೇಳೆ ಅವರು ಪಂಜಾಬಿನ ಆದಂಪುರದಲ್ಲಿದ್ದ 1ನೇ ಸ್ಕ್ವಾಡ್ರನ್ನಿನಲ್ಲಿದ್ದರು. ಸೆಪ್ಟೆಂಬರ್ 7ರ ಮುಂಜಾನೆ ಸರ್ಗೋಧಾ ವಾಯುನೆಲೆಯ ಮೇಲಿನ ದಾಳಿಗೆ 12 ಮಿಸ್ಟೇರ್ ವಿಮಾನಗಳು ನಿಯೋಜಿತವಾಗಿದ್ದವು. ಮೀಸಲು ಚಾಲಕರಾಗಿದ್ದ ದೇವಯ್ಯನವರು, ಒಂದು ವಿಮಾನ ಹಿಂದುಳಿದಾಗ ತಂಡವನ್ನು ಕೂಡಿಕೊಂಡರು. ಮರಳುವ ಹಾದಿಯಲ್ಲಿ ಅವರನ್ನು ಎದುರಿಸಿದ್ದು ಫ್ಲೈಟ್ ಲೆಫ್ಟಿನೆಂಟ್ ಅಮ್ಜದ್ ಹುಸೇನರ ಸ್ಟಾರ್‌ಫೈಟರ್. ಶಬ್ದದ ಎರಡರಷ್ಟು ವೇಗದಲ್ಲಿ ಹಾರಬಲ್ಲ ವಿಮಾನ. ತಮ್ಮ ವಿಮಾನಕ್ಕೆ ಪೆಟ್ಟು ಬಿದ್ದಿದ್ದರೂ ದೇವಯ್ಯನವರು ತಿರುಗಿ ಕಾದಿದರು. ಎರಡೂ ವಿಮಾನಗಳು ನೆಲಕ್ಕುರುಳಿದವು. ಅಮ್ಜದ್ ಪ್ಯಾರಾಚೂಟಿನಿಂದ ಪಾರಾದರು, ದೇವಯ್ಯನವರು ಮಡಿದರು.

ಈ ಕಾದಾಟ ಭಾರತದ ಕಡೆಯವರಿಗೆ ತಿಳಿದಿರಲಿಲ್ಲ. ದೇವಯ್ಯನವರನ್ನು ಮೊದಲು ಕಾಣೆಯಾದವರೆಂದೂ ಅನಂತರ ಮೃತರೆಂದೂ ಪರಿಗಣಿಸಲಾಯಿತು. ಪಾಕಿಸ್ತಾನದ ಮೂಲಗಳನ್ನು ಆಧರಿಸಿ ಆಂಗ್ಲ ಲೇಖಕ ಜಾನ್ ಫ್ರಿಕರ್ 1979ರಲ್ಲಿ ಪ್ರಕಟಿಸಿದ ಗ್ರಂಥದಿಂದ ಸತ್ಯ ಹೊರಬಿದ್ದಿತು. ಅಂದಿನ ದಾಳಿಯ ನಾಯಕರಾಗಿದ್ದ ಓ.ಪಿ. ತನೇಜಾ ಅವರು ವಿಷಯವನ್ನು ಮುಂದುವರಿಸಿದರು. 1988ರಲ್ಲಿ, ಅಂದರೆ 23 ವರ್ಷಗಳ ತರುವಾಯ, ದೇವಯ್ಯನವರಿಗೆ ಮರಣೋತ್ತರವಾಗಿ ಮಹಾವೀರ ಚಕ್ರ ಸಂದಿತು.

ಪಾಕಿಸ್ತಾನದ ವೃತ್ತಾಂತಗಳ ಪ್ರಕಾರ, ದೇವಯ್ಯನವರ ದೇಹವನ್ನು ಗುರುತಿಸಿ ಮಣ್ಣುಮಾಡಿದವರು ಅಲ್ಲಿನ ಹಳ್ಳಿಗರು. ಕೊಡಗಿನಲ್ಲಿ ಕಾದಿದ್ದ ಕುಟುಂಬಕ್ಕೆ ತಿಳಿಯದಿದ್ದುದು ಆ ಅಪರಿಚಿತ ಹಳ್ಳಿಗರಿಗೆ ಅಂದೇ ತಿಳಿದಿತ್ತು. ಗಡಿಯ ಆಚೆಗಿದ್ದ ಈ ತಿಳಿವಳಿಕೆಯನ್ನು ಕೇಳುವವರಿರಲಿಲ್ಲ ಎಂಬುದೇ ಇಲ್ಲಿ ಗಮನಾರ್ಹ.

ಇಂಥ ನೆನಪುಗಳನ್ನು, ವಿಶೇಷವಾಗಿ ಬಾಲ್ಯದ ನೆನಪುಗಳನ್ನು, ಆಕರವಾಗಿ ಬಳಸುವಾಗ ವಿವೇಚನೆ ಅಗತ್ಯ. ವಿಮಾನ ಯಾವ ಹೊಲದಲ್ಲಿ ಬಿತ್ತು, ಆಗ ಬೆಳೆ ಎಷ್ಟಿತ್ತು, ಯಾರು ಮೊದಲು ಓಡಿದರು ಎಂಬ ವಿವರಗಳು ಕಂಡದ್ದಕ್ಕೆ ಸಮೀಪವಾಗಿರುತ್ತವೆ. ವಿಮಾನದ ಹೆಸರು, ಚಾಲಕನ ದೇಶ, ತಾರೀಖು ಮೊದಲಾದವು ಅನಂತರ ಕೇಳಿ ಸೇರಿಸಿಕೊಂಡವಾಗಿರಬಹುದು. ಮೊದಲ ಬಗೆಯವನ್ನು ಸ್ಥಳದೊಡನೆಯೂ ಎರಡನೆಯ ಬಗೆಯವನ್ನು ದಾಖಲೆಯೊಡನೆಯೂ ತಾಳೆನೋಡುವುದು ಯುಕ್ತ.

ಕರ್ನಾಟಕದಲ್ಲಿಯೂ ಈ ಕಾರ್ಯಕ್ಕೆ ಅವಕಾಶವಿದೆ. 1940ರಲ್ಲಿ ಬೆಂಗಳೂರಿನಲ್ಲಿ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಸಂಸ್ಥೆ ಸ್ಥಾಪನೆಯಾಯಿತು. ಎರಡನೆಯ ಮಹಾಯುದ್ಧದಲ್ಲಿ ಅಲ್ಲಿ ಮಿತ್ರರಾಷ್ಟ್ರಗಳ ವಿಮಾನಗಳು ದುರಸ್ತಿಯಾಗುತ್ತಿದ್ದವು. ನೀರಿನ ಮೇಲಿಳಿಯುವ ಕ್ಯಾಟಲಿನಾ ವಿಮಾನಗಳು ಬೆಳ್ಳಂದೂರು ಕೆರೆಯನ್ನು ಬಳಸುತ್ತಿದ್ದವು. ಬೆಂಗಳೂರಿನ ಸುತ್ತಣ ಹಳ್ಳಿಗಳಲ್ಲಿ, ಉತ್ತರಕ್ಕೆ ಶಿಡ್ಲಘಟ್ಟ ತಾಲ್ಲೂಕಿನ ಮೇಲೂರಿನವರೆಗೂ, ಆ ಕಾಲದ ಆಕಾಶವನ್ನು ನೋಡಿದ ಮಕ್ಕಳಿದ್ದರು. ಅವರಲ್ಲಿ ಉಳಿದಿರುವವರು ಇಂದು ತೊಂಬತ್ತರ ಆಸುಪಾಸಿನಲ್ಲಿದ್ದಾರೆ. ದಾಖಲೆಗಳು ಕಪಾಟಿನಲ್ಲಿ ಇನ್ನಷ್ಟು ಕಾಲ ಕಾಯಬಲ್ಲವು. ಈ ನೆನಪುಗಳಿಗೆ ಆ ಕಾಲಾವಕಾಶವಿಲ್ಲ.