ಕರಾಟೆ, ಕಿಕ್‌ಬಾಕ್ಸಿಂಗ್: ಸಂಸ್ಥೆಗಳು ಹಲವು, ಮಗುವಿನ ತಲೆ ಒಂದೇ

ಕರಾಟೆ ಇಂದು ಬೆಂಗಳೂರು, ಮೈಸೂರಿನ ಬಡಾವಣೆಗಳಿಗಷ್ಟೇ ಸೀಮಿತವಾದ ಕಲೆಯಲ್ಲ. ಮಂಡ್ಯ, ಮದ್ದೂರು, ಮಳವಳ್ಳಿಯಂಥ ಊರುಗಳಲ್ಲೂ ಸಂಜೆಯಾದರೆ ಬಿಳಿ ಉಡುಪಿನ ಮಕ್ಕಳು ಸಾಲಾಗಿ ನಿಂತು ಕೈಕಾಲು ಬೀಸುವುದನ್ನು ಕಾಣಬಹುದು. ಸರ್ಕಾರಿ ಶಾಲೆಯ ಹೆಣ್ಣುಮಕ್ಕಳಿಗೆ ರಾಣಿ ಲಕ್ಷ್ಮೀಬಾಯಿ ಹೆಸರಿನ ಆತ್ಮರಕ್ಷಣಾ ತರಬೇತಿಯೂ ಬಂದಿದೆ. ಇದು ಸಂತೋಷದ ವಿಷಯ. ಮೊಬೈಲ್ ಹಿಡಿದು ಮೂಲೆ ಸೇರುವ ಮಗು ಬೆವರು ಸುರಿಸಿ ಹಸಿದು ಮನೆಗೆ ಬಂದರೆ ಯಾವ ವೈದ್ಯನಿಗೆ ತಾನೇ ಬೇಡವೆನ್ನಿಸೀತು?

ಆದರೆ ಕಲಿಕೆ ಪಂದ್ಯದ ಕಡೆ ತಿರುಗಿದಾಗ ಪೋಷಕರು ಒಂದು ಕಾಗದ ಹಿಡಿದು ವೈದ್ಯರ ಬಳಿ ಬರುತ್ತಾರೆ. ಮೇಲೆ 'ವರ್ಲ್ಡ್' ಅಥವಾ 'ಇಂಟರ್‌ನ್ಯಾಷನಲ್' ಎಂಬ ಪದವಿರುವ ಸಂಸ್ಥೆಯ ಹೆಸರು, ಕೆಳಗೆ ಹುಡುಗ ಸ್ಪರ್ಧಿಸಲು ಯೋಗ್ಯನೆಂದು ವೈದ್ಯರು ರುಜು ಹಾಕಬೇಕಾದ ಜಾಗ. ನಿಡಘಟ್ಟದಂಥ ಹೆದ್ದಾರಿ ಬದಿಯ ಹಳ್ಳಿಯ ವೈದ್ಯನಿಗೂ ಈ ಕಾಗದ ಈಗ ಹೊಸದಲ್ಲ. ನಾಡಿ, ರಕ್ತದೊತ್ತಡ, ಎದೆಯ ಸದ್ದು ನೋಡಿ ರುಜು ಹಾಕುವುದು ಸುಲಭ. ಮುಖ್ಯ ಪ್ರಶ್ನೆಗಳಿಗೆ ಮಾತ್ರ ಆ ಕಾಗದದಲ್ಲಿ ಉತ್ತರವಿರುವುದಿಲ್ಲ. ಈ ಪಂದ್ಯದಲ್ಲಿ ತಲೆಗೆ ಹೊಡೆಯಬಹುದೇ? ಪೆಟ್ಟು ಬಿದ್ದರೆ ಪಂದ್ಯ ನಿಲ್ಲಿಸುವವರು ಯಾರು? ನಿಲ್ಲಿಸಿದ ಮೇಲೆ ಹುಡುಗ ಎಷ್ಟು ದಿನ ಆಡಬಾರದು?

ಈ ಉತ್ತರಗಳು ಸಂಸ್ಥೆಯಿಂದ ಸಂಸ್ಥೆಗೆ ಬೇರೆ. ಆದ್ದರಿಂದ ಈ ಸಂಸ್ಥೆಗಳು ಹೇಗೆ ಹುಟ್ಟಿದವು ಎಂಬುದನ್ನು ಪೋಷಕರೂ ಸ್ವಲ್ಪ ತಿಳಿದಿರುವುದು ಒಳ್ಳೆಯದು.

ಒಂದು ಕಲೆ, ಹಲವು ಬೋರ್ಡು

ಕರಾಟೆಯ ತವರು ಜಪಾನಿನ ಒಕಿನಾವಾ ದ್ವೀಪ. ಅಲ್ಲಿನ ಶಿಕ್ಷಕ ಗಿಚಿನ್ ಫುನಾಕೋಶಿ 1922ರಲ್ಲಿ ಟೋಕಿಯೋದಲ್ಲಿ ಪ್ರದರ್ಶನ ನೀಡಿದ ಮೇಲೆ ಅದು ಜಪಾನಿನ ಮುಖ್ಯ ಭೂಭಾಗದಲ್ಲಿ ಹರಡಿತು. ಗುರುವಿಗೊಂದು ಶೈಲಿ, ಶೈಲಿಗೊಂದು ಸಂಘ ಎಂಬಂತೆ ಬೆಳೆದ ಈ ಕಲೆಗೆ 1970ರಲ್ಲಿ ಒಂದು ವಿಶ್ವ ಒಕ್ಕೂಟ ರೂಪುಗೊಂಡು, ಅದೇ ವರ್ಷ ಟೋಕಿಯೋದಲ್ಲಿ ಮೊದಲ ವಿಶ್ವ ಚಾಂಪಿಯನ್‌ಶಿಪ್ ನಡೆಯಿತು. ಆ ಒಕ್ಕೂಟವೇ 1990ರ ದಶಕದಲ್ಲಿ ವಿಶ್ವ ಕರಾಟೆ ಫೆಡರೇಶನ್ ಎಂಬ ಹೆಸರು ಪಡೆದು, 1999ರಲ್ಲಿ ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿಯ ಮಾನ್ಯತೆ ಗಳಿಸಿತು. 1994ರ ಹಿರೋಶಿಮಾ ಏಷ್ಯನ್ ಕ್ರೀಡಾಕೂಟದಲ್ಲಿ ಕರಾಟೆ ಸೇರಿತು. 2021ರಲ್ಲಿ ನಡೆದ ಟೋಕಿಯೋ ಒಲಿಂಪಿಕ್ಸ್‌ನಲ್ಲಿ ಸ್ಥಾನ ಸಿಕ್ಕಿತಾದರೂ 2024ರ ಪ್ಯಾರಿಸ್ ಕೂಟದಲ್ಲಿ ಅದು ಉಳಿಯಲಿಲ್ಲ.

ಈ ಒಕ್ಕೂಟದ ಹೊರಗೂ ಸಂಸ್ಥೆಗಳಿವೆ. ಮಾಸ್ ಒಯಾಮಾ 1964ರಲ್ಲಿ ತನ್ನ ಕ್ಯೋಕುಶಿನ್ ಶೈಲಿಗೆ ಬೇರೆಯೇ ಅಂತರರಾಷ್ಟ್ರೀಯ ಸಂಸ್ಥೆ ಕಟ್ಟಿದರು. 1994ರಲ್ಲಿ ಅವರು ತೀರಿಕೊಂಡ ಮೇಲೆ ಅದು ಹಲವು ಹೋಳಾಯಿತು. ಆ ಶೈಲಿಯ ಪಂದ್ಯದಲ್ಲಿ ಮುಖಕ್ಕೆ ಗುದ್ದುವಂತಿಲ್ಲ, ಆದರೆ ತಲೆಗೆ ಪೂರ್ಣ ಬಲದಿಂದ ಒದೆಯಬಹುದು. ಹೆಸರು ಎರಡೂ ಕಡೆ ಕರಾಟೆಯೇ.

ಕಿಕ್‌ಬಾಕ್ಸಿಂಗ್ ಕಥೆ ಇನ್ನೂ ಗೋಜಲು. ಅದು 1960ರ ದಶಕದಲ್ಲಿ ಜಪಾನಿನಲ್ಲಿ ವೃತ್ತಿಪರ ಪ್ರದರ್ಶನವಾಗಿ ಬೆಳೆಯಿತು. ಅಮೆರಿಕದಲ್ಲಿ 1974ರಲ್ಲಿ 'ಫುಲ್ ಕಾಂಟ್ಯಾಕ್ಟ್ ಕರಾಟೆ' ಎಂಬ ಹೆಸರಿನಲ್ಲಿ ಅದರ ಇನ್ನೊಂದು ಕವಲು ಹೊರಟಿತು. 1976ರಲ್ಲಿ ಯುರೋಪಿನಲ್ಲಿ ವಾಕೋ ಎಂಬ ಸಂಸ್ಥೆ ಹುಟ್ಟಿತು. ಅದೇ ಸುಮಾರಿಗೆ ಅಮೆರಿಕದಲ್ಲಿ ಇನ್ನೊಂದು ವಿಶ್ವ ಸಂಸ್ಥೆ, 1980 ಮತ್ತು 90ರ ದಶಕಗಳಲ್ಲಿ ಮತ್ತಷ್ಟು ಸಂಸ್ಥೆಗಳು ಬಂದವು. 1993ರಲ್ಲಿ ಜಪಾನಿನಲ್ಲಿ ಕೆ-1 ಎಂಬ ಪಂದ್ಯಾವಳಿ ಆರಂಭವಾಯಿತು. ಹೀಗೆ ಪ್ರತಿ ಸಂಸ್ಥೆಗೂ ಅದರದೇ 'ವಿಶ್ವ ಚಾಂಪಿಯನ್'. 2021ರಲ್ಲಿ ವಾಕೋಗೆ ಒಲಿಂಪಿಕ್ ಸಮಿತಿಯ ಪೂರ್ಣ ಮಾನ್ಯತೆ ದೊರೆಯಿತು. ಉಳಿದವರು ಬೋರ್ಡು ಇಳಿಸಲಿಲ್ಲ.

ನಮ್ಮ ದೇಶವೂ ಈ ಗೊಂದಲದಿಂದ ಹೊರತಲ್ಲ. 2020ರಲ್ಲಿ ವಿಶ್ವ ಕರಾಟೆ ಫೆಡರೇಶನ್ ಆಗಿನ ಭಾರತೀಯ ಸದಸ್ಯ ಸಂಸ್ಥೆಯ ಮಾನ್ಯತೆಯನ್ನು ತಡೆಹಿಡಿಯಿತು. ಆ ಮೇಲೆ ಕರಾಟೆ ಇಂಡಿಯಾ ಆರ್ಗನೈಸೇಶನ್ ಎಂಬ ಹೊಸ ಸಂಸ್ಥೆ ಆ ಜಾಗಕ್ಕೆ ಬಂತು. ದೆಹಲಿಯಲ್ಲಿ ಹೀಗಾದರೆ ತಾಲ್ಲೂಕಿನ ಮಾಸ್ಟರು ಯಾವ ಸಂಸ್ಥೆಗೆ ಸೇರಿದವರೆಂದು ಪೋಷಕರು ಹೇಗೆ ತಿಳಿಯಬೇಕು?

ಸಂಸ್ಥೆ ಬೆಳೆದರೆ ಲಾಭವೇನು?

ಲಾಭವಿದೆ. ಅದಕ್ಕೆ ಟೋಕಿಯೋ ಒಲಿಂಪಿಕ್ಸ್‌ನಲ್ಲೇ ಒಂದು ಉದಾಹರಣೆ ಸಿಕ್ಕಿತು. 2021ರ ಆಗಸ್ಟ್ 7ರಂದು 75 ಕಿಲೋಗಿಂತ ಹೆಚ್ಚು ತೂಕದವರ ಅಂತಿಮ ಪಂದ್ಯ. ಅಂಕದಲ್ಲಿ ಮುಂದಿದ್ದ ಸೌದಿ ಅರೇಬಿಯಾದ ತಾರೆಗ್ ಹಮೆದಿ ಬೀಸಿದ ಒದೆತ ಇರಾನಿನ ಸಜ್ಜಾದ್ ಗಂಜ್‌ಜಾದೆಯ ತಲೆಗೆ ಬಿದ್ದು ಆತ ಪ್ರಜ್ಞೆ ತಪ್ಪಿದ. ಹಮೆದಿ ಹತೋಟಿಯಿಲ್ಲದೆ ಒದ್ದನೆಂದು ತೀರ್ಪುಗಾರರು ಅವನನ್ನೇ ಅನರ್ಹಗೊಳಿಸಿದರು. ಚಿನ್ನ ಸಿಕ್ಕಿದ್ದು ಸ್ಟ್ರೆಚರ್ ಮೇಲೆ ಹೋದವನಿಗೆ. ಟಿವಿ ನೋಡಿದ ಎಷ್ಟೋ ಮಂದಿ ಇದು ಅನ್ಯಾಯವೆಂದರು. ವೈದ್ಯರ ದೃಷ್ಟಿಯಲ್ಲಿ ಇದಕ್ಕಿಂತ ಆರೋಗ್ಯಕರ ನಿಯಮವಿಲ್ಲ. ಎದುರಾಳಿಯ ತಲೆ ಒಡೆಯುವುದು ಗೆಲುವಲ್ಲ, ಅಪರಾಧ ಎಂದು ಅದು ಸಾರುತ್ತದೆ. ಇದೇ ಫೆಡರೇಶನ್ನಿನ ಇನ್ನೊಂದು ನಿಯಮ: ಪೆಟ್ಟು ತಿಂದು ಬಿದ್ದವನು ಹತ್ತು ಸೆಕೆಂಡಿನೊಳಗೆ ಎದ್ದು ನಿಲ್ಲದಿದ್ದರೆ ಆ ಕೂಟದಲ್ಲಿ ಮತ್ತೆ ಸೆಣಸುವಂತಿಲ್ಲ.

ಕಿಕ್‌ಬಾಕ್ಸಿಂಗ್‌ನಲ್ಲೂ ಎಲ್ಲವೂ ಒಂದೇ ಅಲ್ಲ. ವಾಕೋ ಪದ್ಧತಿಯಲ್ಲಿ ಎರಡು ಗುಂಪುಗಳಿವೆ. ಚಾಪೆಯ ಮೇಲಿನ ಪಾಯಿಂಟ್ ಫೈಟಿಂಗ್, ಲೈಟ್ ಕಾಂಟ್ಯಾಕ್ಟ್ ಮುಂತಾದವುಗಳಲ್ಲಿ ಹತೋಟಿಯ ಹೊಡೆತಕ್ಕೆ ಅಂಕ. ರಿಂಗಿನೊಳಗಿನ ಫುಲ್ ಕಾಂಟ್ಯಾಕ್ಟ್, ಲೋ ಕಿಕ್, ಕೆ-1 ಪಂದ್ಯಗಳಲ್ಲಿ ಪೂರ್ಣ ಬಲದ ಹೊಡೆತ, ಎದುರಾಳಿಯನ್ನು ಕೆಡವಿದರೆ ಗೆಲುವು. 'ಕಿಕ್‌ಬಾಕ್ಸಿಂಗ್ ಟೂರ್ನಮೆಂಟ್' ಎಂದಷ್ಟೇ ಕಾಗದದಲ್ಲಿದ್ದರೆ ಎರಡರಲ್ಲಿ ಯಾವುದೆಂದು ಕೇಳಲೇಬೇಕು.

ನಿಲ್ಲಿಸುವ ಬುದ್ಧಿ ನಮ್ಮ ನಾಡಿಗೂ ಹೊಸದಲ್ಲ. ಮೈಸೂರು ದಸರೆಯ ವಿಜಯದಶಮಿಯಂದು ಅರಮನೆಯಲ್ಲಿ ನಡೆಯುವ ವಜ್ರಮುಷ್ಟಿ ಕಾಳಗದಲ್ಲಿ ಮೈಸೂರು, ಚನ್ನಪಟ್ಟಣ, ಚಾಮರಾಜನಗರದ ಕಡೆಯ ಜಟ್ಟಿಗಳು ಸೆಣಸುತ್ತಾರೆ. ತಲೆಯಲ್ಲಿ ರಕ್ತ ಕಂಡೊಡನೆ ಕಾಳಗ ಮುಗಿಯಿತು. ಆದರೆ ಗುದ್ದು, ಒದೆತದ ಪಂದ್ಯದಲ್ಲಿ ಒಂದು ತೊಡಕಿದೆ. ಮಿದುಳಿಗೆ ಬಿದ್ದ ಪೆಟ್ಟಿನ ರಕ್ತ ಹೊರಗೆ ಕಾಣುವುದಿಲ್ಲ.

ತಲೆಯೊಳಗೆ ಏನಾಗುತ್ತದೆ?

ಮಿದುಳು ತಲೆಬುರುಡೆಯೊಳಗೆ ದ್ರವದಲ್ಲಿ ತೇಲುವ ಮೃದುವಾದ ಅಂಗ. ಗದ್ದಕ್ಕೋ ಕಪಾಲಕ್ಕೋ ಪೆಟ್ಟು ಬಿದ್ದು ತಲೆ ಸರಕ್ಕನೆ ತಿರುಗಿದಾಗ ಮಿದುಳು ಒಳಗೇ ಅಲುಗಾಡಿ ಅದರ ಕೆಲಸ ಕೆಲಕಾಲ ಕೆಡುತ್ತದೆ. ಇದನ್ನೇ ಕನ್ಕಷನ್ ಎನ್ನುತ್ತೇವೆ. ಇದಕ್ಕೆ ಪ್ರಜ್ಞೆ ತಪ್ಪಲೇಬೇಕೆಂದಿಲ್ಲ. ತಲೆನೋವು, ತಲೆಸುತ್ತು, ಕಣ್ಣು ಮಂಜಾಗುವುದು, ವಾಕರಿಕೆ, ಕೇಳಿದ್ದನ್ನೇ ಕೇಳುವುದು, ಪಂದ್ಯದ ನೆನಪೇ ಇಲ್ಲದಿರುವುದು, ಕಾರಣವಿಲ್ಲದೆ ಅಳುವುದು, ಇವೆಲ್ಲ ಅದರ ಲಕ್ಷಣಗಳು. ಸ್ಕ್ಯಾನ್‌ನಲ್ಲಿ ಇದು ಕಾಣುವುದಿಲ್ಲ. 'ಸ್ಕ್ಯಾನ್ ನಾರ್ಮಲ್ ಇದೆ, ಆಡಲಿ ಬಿಡಿ' ಎನ್ನುವುದು ತಪ್ಪು. ಮೆತ್ತನೆಯ ಶಿರಸ್ತ್ರಾಣ ಗಾಯವನ್ನು ಕಡಿಮೆ ಮಾಡೀತೇ ಹೊರತು ಮಿದುಳಿನ ಅಲುಗಾಟವನ್ನು ತಡೆಯದು.

ಮೊದಲ ಪೆಟ್ಟಿನಿಂದ ಚೇತರಿಸಿಕೊಳ್ಳುವ ಮೊದಲೇ ಎರಡನೆಯ ಪೆಟ್ಟು ಬಿದ್ದರೆ ಮಿದುಳು ಊದಿಕೊಂಡು ಪ್ರಾಣಕ್ಕೇ ಸಂಚಕಾರ ಬರಬಹುದು. ಇದು ಅಪರೂಪ. ಆದರೆ ಎಳೆಯರಲ್ಲೇ ಹೆಚ್ಚು ಕಂಡಿದೆ. ಕೆಲವೊಮ್ಮೆ ತಲೆಬುರುಡೆಯೊಳಗೆ ರಕ್ತಸ್ರಾವವಾದವನು ಎದ್ದು ಮಾತನಾಡಿ, ನೀರು ಕುಡಿದು, ಕೆಲವು ಗಂಟೆಗಳ ನಂತರ ಕುಸಿಯುವುದೂ ಉಂಟು.

2022ರ ಜುಲೈನಲ್ಲಿ ಬೆಂಗಳೂರಿನಲ್ಲಿ ನಡೆದ ರಾಜ್ಯಮಟ್ಟದ ಕಿಕ್‌ಬಾಕ್ಸಿಂಗ್ ಪಂದ್ಯದಲ್ಲಿ ಪೆಟ್ಟು ತಿಂದು ರಿಂಗಿನಲ್ಲೇ ಕುಸಿದ ಮೈಸೂರಿನ ಯುವಕನೊಬ್ಬ ಕೆಲವೇ ದಿನಗಳಲ್ಲಿ ಆಸ್ಪತ್ರೆಯಲ್ಲಿ ಕೊನೆಯುಸಿರೆಳೆದ. ಸ್ಥಳದಲ್ಲಿ ತಕ್ಕ ವೈದ್ಯಕೀಯ ವ್ಯವಸ್ಥೆ ಇರಲಿಲ್ಲವೆಂದು ಮನೆಯವರು ದೂರಿದರು, ಪೊಲೀಸರು ಪ್ರಕರಣ ದಾಖಲಿಸಿದರು. ತಪ್ಪು ಯಾರದೆಂದು ಹೇಳುವುದು ನ್ಯಾಯಾಲಯದ ಕೆಲಸ. ಪೋಷಕರಿಗೆ ಉಳಿಯುವ ಪಾಠ ಮಾತ್ರ ಸ್ಪಷ್ಟ. ವ್ಯವಸ್ಥೆಯ ಬಗ್ಗೆ ಪಂದ್ಯಕ್ಕೆ ಮುಂಚೆಯೇ ಕೇಳಬೇಕು.

ಸಂಸ್ಥೆಗಳ ನಡುವಿನ ಸಂದು

ಸಂಸ್ಥೆಗಳು ಹಲವಾಗಿರುವುದರ ನಿಜವಾದ ಅಪಾಯ ಇಲ್ಲಿದೆ. ಒಂದು ಸಂಸ್ಥೆಯ ಪಂದ್ಯದಲ್ಲಿ ಈ ಭಾನುವಾರ ತಲೆಗೆ ಪೆಟ್ಟು ತಿಂದ ಹುಡುಗನಿಗೆ ಅಲ್ಲಿನ ವೈದ್ಯರು ವಿಶ್ರಾಂತಿ ಹೇಳಬಹುದು. ಆದರೆ ಮುಂದಿನ ಭಾನುವಾರ ಬೇರೆ ಸಂಸ್ಥೆಯ ಪಂದ್ಯಕ್ಕೆ ಅವನು ಹೆಸರು ಕೊಟ್ಟರೆ ಅಲ್ಲಿ ಯಾರಿಗೂ ಅದು ಗೊತ್ತಿರುವುದಿಲ್ಲ. ಇವರೆಲ್ಲರಿಗೂ ಸೇರಿದ ಒಂದೇ ದಾಖಲೆ ಪುಸ್ತಕವಿಲ್ಲ. ರುಜು ಹಾಕುವ ಊರಿನ ವೈದ್ಯನಿಗೂ ಹುಡುಗ ಹೇಳಿದರಷ್ಟೇ ತಿಳಿಯುತ್ತದೆ. ಪದಕದ ಆಸೆಯಲ್ಲಿರುವ ಹುಡುಗ ಹೇಳುವುದು ಕಡಿಮೆ.

ಆದ್ದರಿಂದ ಆ ಪುಸ್ತಕವನ್ನು ಮನೆಯವರೇ ಇಡಬೇಕು. ಮಗುವಿನ ಲಸಿಕೆ ಕಾರ್ಡನ್ನು ಜೋಪಾನ ಮಾಡುವ ತಾಯಂದಿರಿಗೆ ಇದು ಕಷ್ಟವಲ್ಲ. ಒಂದು ನೋಟುಬುಕ್ಕಿನಲ್ಲಿ ಪಂದ್ಯದ ದಿನ, ಯಾವ ಸಂಸ್ಥೆ, ಯಾವ ಬಗೆಯ ಪಂದ್ಯ, ಎಲ್ಲಿಗೆ ಪೆಟ್ಟು, ಎಷ್ಟು ದಿನ ವಿಶ್ರಾಂತಿ ಎಂದು ಬರೆದಿಡಿ. ಪ್ರಮಾಣಪತ್ರಕ್ಕೆ ಬಂದಾಗ ಅದನ್ನೂ ತನ್ನಿ.

ಪಂದ್ಯಕ್ಕೆ ಕಳುಹಿಸುವ ಮುನ್ನ

ಮಾಸ್ಟರನ್ನು ಸಂಕೋಚವಿಲ್ಲದೆ ಕೇಳಿ. ತಲೆಗೆ ಹೊಡೆತ ಉಂಟೇ, ಇದ್ದರೆ ಹತೋಟಿಯದೋ ಪೂರ್ಣ ಬಲದ್ದೋ? ವಯಸ್ಸು, ತೂಕ ಎರಡನ್ನೂ ನೋಡಿ ಜೋಡಿ ಮಾಡುತ್ತಾರೆಯೇ? ಸ್ಥಳದಲ್ಲಿ ವೈದ್ಯರು ಇರುತ್ತಾರೆಯೇ, ಪಂದ್ಯ ನಿಲ್ಲಿಸುವ ಅಧಿಕಾರ ಅವರಿಗಿದೆಯೇ? ಆಂಬ್ಯುಲೆನ್ಸ್ ಬಾಗಿಲಲ್ಲಿದೆಯೇ? ಒಳ್ಳೆಯ ಗುರು ಈ ಪ್ರಶ್ನೆಗಳಿಗೆ ಸಿಟ್ಟಾಗುವುದಿಲ್ಲ.

ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ 2016ರ ವರದಿಯಲ್ಲಿ ಮಕ್ಕಳಿಗೆ ಹೊಡೆತವಿಲ್ಲದ ಅಭ್ಯಾಸವೇ ಮೇಲೆಂದು ಹೇಳಿದೆ. ನಮ್ಮ ಮಕ್ಕಳಿಗೂ ಈ ಮಾತು ಅನ್ವಯಿಸುತ್ತದೆ. ಎದುರಾಳಿಯಿಲ್ಲದೆ ಕ್ರಮಬದ್ಧವಾಗಿ ಮಾಡುವ ಕಾತಾ ಅಭ್ಯಾಸದಲ್ಲಿ ಸಮತೋಲನ, ಉಸಿರಿನ ಹಿಡಿತ, ಏಕಾಗ್ರತೆ ಎಲ್ಲವೂ ಸಿಗುತ್ತವೆ, ತಲೆಗೆ ಪೆಟ್ಟಿಲ್ಲ. ಎಳೆಯ ಮೂಳೆಗಳ ತುದಿ ಇನ್ನೂ ಬೆಳೆಯುತ್ತಿರುವಾಗ ಹೆಂಚು, ಹಲಗೆ ಒಡೆಸುವ ಪ್ರದರ್ಶನ ಬೇಡ.

ತೂಕ ಇಳಿಸಲು ನೀರು ಬಿಡುವುದು, ಬಿಸಿಲಲ್ಲಿ ದಪ್ಪ ಬಟ್ಟೆ ತೊಟ್ಟು ಓಡುವುದು, ಮೂತ್ರ ಹೆಚ್ಚಿಸುವ ಮಾತ್ರೆ ನುಂಗುವುದು ಅಪಾಯಕಾರಿ. ಅಮೆರಿಕದಲ್ಲಿ 1997ರಲ್ಲಿ ಹೀಗೆ ತೂಕ ಇಳಿಸಲು ಹೋಗಿ ಮೂವರು ಕಾಲೇಜು ಕುಸ್ತಿಪಟುಗಳು ಸತ್ತರು. ಅಂಥ ಮಾತ್ರೆಗಳು ಉದ್ದೀಪನ ಮದ್ದುಗಳ ನಿಷೇಧಿತ ಪಟ್ಟಿಯಲ್ಲೂ ಇವೆ.

ಪೆಟ್ಟು ಬಿದ್ದರೆ

ತಲೆಗೆ ಪೆಟ್ಟು ಬಿದ್ದು ಮೇಲಿನ ಯಾವ ಲಕ್ಷಣ ಕಂಡರೂ ಆ ದಿನ ಮತ್ತೆ ಆಡಿಸಬೇಡಿ. ಪದೇ ಪದೇ ವಾಂತಿ, ಹೆಚ್ಚುತ್ತಿರುವ ತಲೆನೋವು, ಎಬ್ಬಿಸಿದರೂ ಏಳದ ಮಂಪರು, ಫಿಟ್ಸ್, ತೊದಲುವ ಮಾತು, ಕೈಕಾಲಿನ ಬಲಹೀನತೆ, ಕಿವಿ-ಮೂಗಿನಿಂದ ನೀರಿನಂಥ ಸ್ರಾವ, ಇವುಗಳಲ್ಲಿ ಒಂದಿದ್ದರೂ 108ಕ್ಕೆ ಕರೆ ಮಾಡಿ. ಕುತ್ತಿಗೆ ನೋವಿದ್ದರೆ ಅಲುಗಾಡಿಸಬೇಡಿ. ಎದೆಗೆ ಪೆಟ್ಟು ಬಿದ್ದು ಉಸಿರು ನಿಂತು ಕುಸಿದರೆ ತಡಮಾಡದೆ ಎದೆ ಒತ್ತಲು ಶುರುಮಾಡಿ.

ಲಕ್ಷಣ ಹಗುರವಾಗಿದ್ದರೂ ವೈದ್ಯರಿಗೆ ತೋರಿಸಿ. ಮೊದಲ ಒಂದೆರಡು ದಿನ ಓದು, ಟಿವಿ, ಮೊಬೈಲ್ ಕಡಿಮೆ ಮಾಡಿ ವಿಶ್ರಾಂತಿ ಕೊಡಿ. ಮನೆಯೊಳಗಿನ ಓಡಾಟಕ್ಕೆ ಅಡ್ಡಿಯಿಲ್ಲ. ಆಮೇಲೆ ಮೊದಲು ಶಾಲೆ, ನಂತರ ಹಗುರ ವ್ಯಾಯಾಮ, ಕೊನೆಗೆ ಸೆಣಸಾಟ. ಒಂದೊಂದು ಮೆಟ್ಟಿಲಿಗೂ ಕನಿಷ್ಠ ಒಂದು ದಿನ, ತೊಂದರೆ ಹೆಚ್ಚಿದರೆ ಹಿಂದಿನ ಮೆಟ್ಟಿಲಿಗೆ. ಮಕ್ಕಳಿಗೆ ಪೂರ್ತಿ ಗುಣವಾಗಲು ನಾಲ್ಕು ವಾರವೂ ಹಿಡಿಯಬಹುದು. ವೈದ್ಯರು ಒಪ್ಪದೆ ರಿಂಗಿಗೆ ಇಳಿಸಬೇಡಿ.

ಹಲ್ಲು ಉದುರಿದರೆ ಬೇರನ್ನು ಮುಟ್ಟದೆ, ಉಜ್ಜದೆ ಹಾಲಿನಲ್ಲಿ ಹಾಕಿ ಒಂದು ಗಂಟೆಯೊಳಗೆ ದಂತವೈದ್ಯರನ್ನು ಕಾಣಿ. ಮತ್ತೆ ಕೂರಿಸುವ ಸಾಧ್ಯತೆಯಿದೆ. ಮೂಗಿನಲ್ಲಿ ರಕ್ತ ಬಂದರೆ ಮುಂದಕ್ಕೆ ಬಾಗಿ ಮೂಗಿನ ಮೃದು ಭಾಗವನ್ನು ಹತ್ತು ನಿಮಿಷ ಒತ್ತಿ ಹಿಡಿಯಿರಿ. ತಲೆ ಹಿಂದಕ್ಕೆ ವಾಲಿಸಬೇಡಿ.

ವಿಶ್ವ ಸಂಸ್ಥೆಗಳು ಬೆಳೆದುದರಿಂದ ನಮ್ಮ ಮಕ್ಕಳಿಗೆ ನಿಯಮ, ರಕ್ಷಾಕವಚ, ಅವಕಾಶ ಎಲ್ಲವೂ ಬಂದಿವೆ. ಆದರೆ ಎಲ್ಲೋ ದೂರದಲ್ಲಿ ಬರೆದ ನಿಯಮ ನಮ್ಮೂರ ಸಭಾಂಗಣದವರೆಗೆ ತಾನಾಗಿ ನಡೆದು ಬರುವುದಿಲ್ಲ. ಅದನ್ನು ಕೇಳಿ ಪಡೆಯುವವರು ಬೇಕು. ಪ್ರವೇಶ ಪತ್ರದಲ್ಲಿ ಪೋಷಕರ ರುಜುವಿಗೂ ಒಂದು ಜಾಗವಿರುತ್ತದೆ. ಅಲ್ಲಿ ಪೆನ್ನು ಊರುವ ಮೊದಲು ಮೇಲಿನ ಪ್ರಶ್ನೆಗಳಿಗೆ ಉತ್ತರ ಸಿಕ್ಕಿದೆಯೇ ನೋಡಿಕೊಳ್ಳಿ.